ಅಬ್ಬಕ್ಕ ಎಷ್ಟು ಮಂದಿ?

ಮಂಗಳೂರಿನಿಂದ ನೇತ್ರಾವತಿ ಸಂಕ ದಾಟಿ, ಕಲ್ಲಾಪು ಕಳೆದರೆ ತೊಕ್ಕೊಟ್ಟು. ಕೇರಳಕ್ಕೆ ಹೋಗುವ ಹೆದ್ದಾರಿ ಇಲ್ಲಿ ಫ್ಲೈಓವರ್ ಹತ್ತಿ ಇಳಿಯುತ್ತದೆ. ಕೆಳಗೆ ಸಿಟಿ ಬಸ್ಸು, ರಿಕ್ಷಾ, ಮೀನಿನ ಟೆಂಪೊಗಳು ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಮೂಡು ದಿಕ್ಕಿನ ರಸ್ತೆ ದೇರಳಕಟ್ಟೆಯ ಆಸ್ಪತ್ರೆಗಳಿಗೂ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೂ ಹೋಗುತ್ತದೆ. ತೆಂಕಕ್ಕೆ ಹೊರಟರೆ ಹೆಸರಿನಲ್ಲೇ ಕೋಟೆಯನ್ನಿಟ್ಟುಕೊಂಡ ಕೋಟೆಕಾರು, ಆಮೇಲೆ ತಲಪಾಡಿಯ ಗಡಿ. ಪಡುವಣದ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಉಳ್ಳಾಲ: ಸಯ್ಯದ್ ಮದನಿ ದರ್ಗಾ, ಮೀನುಗಾರರ ಮನೆಗಳು, ಮಳೆಗಾಲದಲ್ಲಿ ಕಡಲು ಕೊರೆಯದಂತೆ ಪೇರಿಸಿಟ್ಟ ಕಗ್ಗಲ್ಲುಗಳ ಸಾಲು. ಅಲ್ಲಿಂದ ತುಸು ತೆಂಕಕ್ಕೆ, ತೆರೆ ಬಡಿಯುವ ಬಂಡೆಯ ಮೇಲೆ ಸೋಮೇಶ್ವರ ದೇವಸ್ಥಾನ.

ಈ ದಾರಿಯಲ್ಲಿ ಓಡಾಡುವ ಯಾರನ್ನು ಬೇಕಾದರೂ ಕೇಳಿ, ಇಲ್ಲಿ ಆಳಿದವರು ಯಾರು ಎಂದರೆ ಒಂದೇ ಹೆಸರು ಬರುತ್ತದೆ: ಅಬ್ಬಕ್ಕ. ಉಳ್ಳಾಲದಲ್ಲಿ ಅವಳ ಕಂಚಿನ ಪ್ರತಿಮೆಯಿದೆ, ಅವಳ ಹೆಸರಿನ ಉತ್ಸವ ನಡೆಯುತ್ತದೆ. ಕೋಸ್ಟ್ ಗಾರ್ಡ್ ತನ್ನ ಗಸ್ತು ಹಡಗೊಂದಕ್ಕೆ 2012ರಲ್ಲಿ ಅದೇ ಹೆಸರಿಟ್ಟಿತು. ಶಾಲೆಯ ಮಕ್ಕಳು ಬರೆಯುವ ಚಿತ್ರದಲ್ಲಿ ಅವಳು ಕುದುರೆಯ ಮೇಲಿರುತ್ತಾಳೆ, ಕೈಯಲ್ಲಿ ಕತ್ತಿ ಇರುತ್ತದೆ, ಹಿಂದೆ ಉರಿಯುವ ಹಡಗುಗಳು.

ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪೋರ್ಚುಗೀಸರ ಬರಹಗಳಲ್ಲಿ ಉಳ್ಳಾಲದ ರಾಣಿ ಕಪ್ಪ ಕೊಡಲೊಲ್ಲೆ ಎಂದು ಸೆಟೆದು ನಿಂತದ್ದು 1555ರ ಹೊತ್ತಿಗೆ. ಆಗ ಅವಳಿಗೆ ಬರೀ ಇಪ್ಪತ್ತೈದು ವರ್ಷ ಎಂದುಕೊಂಡರೂ 1623ರಲ್ಲಿ ತೊಂಬತ್ತಮೂರು ಆಗಿರಬೇಕು. ಆ ವರ್ಷ ಉಳ್ಳಾಲದ ರಾಣಿಯನ್ನು ಎದುರಾಎದುರು ಕಂಡು ಮಾತಾಡಿದ ಒಬ್ಬ ಪರದೇಶಿ, ಅವಳ ಪ್ರಾಯ ನಲವತ್ತರ ಆಸುಪಾಸು ಎಂದು ಬರೆದಿಟ್ಟಿದ್ದಾನೆ. ಅವನಿಗೆ ಅವಳ ಹೆಸರೂ ಗೊತ್ತಿತ್ತು: ಅಬ್ಬಗದೇವಿ ಚೌಟರು.

ಹಾಗಾದರೆ ಅಬ್ಬಕ್ಕ ಎಷ್ಟು ಮಂದಿ? ಕಡಿಮೆಯೆಂದರೆ ಇಬ್ಬರು. ನಾವು ಮಾತ್ರ ಅವರನ್ನು ಒಬ್ಬಳನ್ನಾಗಿ ಮಾಡಿ ಕುದುರೆ ಹತ್ತಿಸಿದ್ದೇವೆ. ಅವರನ್ನು ಮತ್ತೆ ಬಿಡಿಸಿ ನೋಡಿದರೆ ಕತ್ತಿಯ ಹಿಂದೆ ಒಂದು ಇಡೀ ಸಂಸ್ಥಾನ ಕಾಣತೊಡಗುತ್ತದೆ.

*

ಚೌಟರು ಜೈನ ಅರಸರು. ಮನೆತನದ ವಂಶಾವಳಿ 12ನೇ ಶತಮಾನದ ತಿರುಮಲರಾಯ ಚೌಟನಿಂದ ಶುರುವಾಗುತ್ತದೆ. ಅವರ ಮೊದಲ ನೆಲೆ ಇದೇ ಸೋಮೇಶ್ವರ, ಉಳ್ಳಾಲ. ಬಳಿಕ ಗಟ್ಟದ ಬುಡದ ಕಡೆಗೆ ಸರಿದು ಪುತ್ತಿಗೆಯಲ್ಲಿ, ಕಡೆಗೆ ಮೂಡುಬಿದಿರೆಯಲ್ಲಿ ಅರಮನೆ ಕಟ್ಟಿಕೊಂಡರು. ಕಡಲ ದಡದಲ್ಲಿ ಒಂದು ಕಾಲು, ಮಂಗಳೂರಿನಿಂದ ಸುಮಾರು 35 ಕಿ.ಮೀ. ಒಳನಾಡಿನಲ್ಲಿ ಇನ್ನೊಂದು ಕಾಲು. ಬಸದಿಗಳಿಗೆ ನಡೆದುಕೊಳ್ಳುವ ಜೈನರಾದರೂ ಮನೆದೇವರು ಸೋಮನಾಥ. ಪುತ್ತಿಗೆಗೆ ಹೋದಾಗ ದೇವರ ಹೆಸರನ್ನೂ ಜೊತೆಗೆ ಒಯ್ದರು. ಅಲ್ಲಿಯ ದೇವಸ್ಥಾನ ಇಂದಿಗೂ ಸೋಮನಾಥೇಶ್ವರನದೇ.

ಆಗಿನ ತುಳುನಾಡು ಇಂಥ ಸಣ್ಣ ಸಣ್ಣ ಸಂಸ್ಥಾನಗಳ ಒಕ್ಕೂಟದಂತಿತ್ತು. ಮಂಗಳೂರು, ಬಂಗಾಡಿ, ನಂದಾವರದಲ್ಲಿ ಬಂಗರು; ವೇಣೂರು, ಅಳದಂಗಡಿಯಲ್ಲಿ ಅಜಿಲರು; ಮೂಲ್ಕಿಯಲ್ಲಿ ಸಾವಂತರು; ಕಾರ್ಕಳದಲ್ಲಿ ಭೈರರಸರು; ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು. ಎಲ್ಲರ ಮೇಲೆ ವಿಜಯನಗರದ ನೆರಳು. ಮಂಗಳೂರು ಮತ್ತು ಬಾರಕೂರು ಎಂಬ ಎರಡು ರಾಜ್ಯಗಳಿಗೆ ಅಲ್ಲಿಂದ ಅಧಿಕಾರಿಗಳು ಬರುತ್ತಿದ್ದರು. ಈ ಅರಸರು ಕಪ್ಪ ಒಪ್ಪಿಸಿ, ತಮ್ಮ ತಮ್ಮ ಸೀಮೆಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಒಬ್ಬರು ಇನ್ನೊಬ್ಬರ ಮನೆಯಿಂದ ಹೆಣ್ಣು ತರುವುದು, ಮರುವರ್ಷ ಅದೇ ಮನೆಯ ಮೇಲೆ ದಂಡು ಕಟ್ಟುವುದು, ಆಮೇಲೆ ಒಂದೇ ಬಸದಿಯ ಪೂಜೆಗೆ ಒಟ್ಟಿಗೆ ಕೂರುವುದು, ಇವೆಲ್ಲ ಮಾಮೂಲು.

ಈ ಮನೆತನಗಳಲ್ಲಿ ಹೆಂಗಸು ಪಟ್ಟಕ್ಕೆ ಬಂದದ್ದು ಹೇಗೆ? ಗಂಡು ದಿಕ್ಕಿಲ್ಲದೆ ಬೇರೆ ದಾರಿ ಕಾಣದೆ ಕೂರಿಸಿದ್ದಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಮನೆ ನಡೆಯುವುದೇ ತಾಯಿಯ ಸಾಲಿನಿಂದ. ಅರಸನ ಮಗ ಅವನ ಮನೆಯವನಲ್ಲ. ಅವನು ತನ್ನ ತಾಯಿಯ ಮನೆಗೆ ಸೇರಿದವನು. ಅರಸನ ಪಟ್ಟ ಅಕ್ಕತಂಗಿಯರ ಮಕ್ಕಳಿಗೆ. ಭೂತಾಳ ಪಾಂಡ್ಯನ ಕಥೆ ತುಳುನಾಡಿಗೆಲ್ಲ ಗೊತ್ತು. ಭೂತ ಬಲಿ ಬೇಡಿದಾಗ ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಮುಂದೆ ತಂದಳು, ಅಂದಿನಿಂದ ಆಸ್ತಿ ಅಳಿಯನಿಗಾಯಿತು. ಕಥೆ ಹೇಗೇ ಇರಲಿ, ಕಟ್ಟು ಗಟ್ಟಿಯಾಗಿಯೇ ಇತ್ತು. ಕುಟುಂಬದ ಹಿರಿಯ ಗಂಡಸಾದರೆ ಯಜಮಾನ, ಹೆಂಗಸಾದರೆ ಯಜಮಾನ್ತಿ. ಇಬ್ಬರ ಕೈಯಲ್ಲೂ ಅದೇ ಬೀಗದ ಕೈ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಕಾಲಕ್ಕೂ ಯಜಮಾನ್ತಿ ಎಂಬ ಸ್ಥಾನ ಬದುಕಿತ್ತು. ಒಂದು ಗುತ್ತಿನ ಮನೆಯಲ್ಲಿ ಯಜಮಾನ್ತಿ ಎಷ್ಟು ಸಹಜವೋ ಚೌಟರ ಸೀಮೆಯಲ್ಲಿ ರಾಣಿಯೂ ಅಷ್ಟೇ ಸಹಜ.

ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವುದೂ ಅಷ್ಟೇ ಸಹಜ. ಸಿರಿಯ ಪಾಡ್ದನದ ಅವಳಿಗಳು ಅಬ್ಬಗ, ದಾರಗ. ಅಬ್ಬಗ ಎಂಬುದು ತುಳು ಮನೆಗಳ ಬಾಯಿಗೆ ಹತ್ತಿದ ಹೆಸರು. ಚೌಟರ ಪಟ್ಟಿಯಲ್ಲಿ ಅದು ಮತ್ತೆ ಮತ್ತೆ ಬಂದರೆ ಬೆರಗಾಗಬೇಕಿಲ್ಲ.

*

ಇನ್ನು ಜಗಳದ ಮೂಲಕ್ಕೆ ಬರೋಣ. ಕರಿಮೆಣಸು ಎಂದರೆ ಎಲ್ಲರ ಕಿವಿ ನಿಮಿರುತ್ತದೆ, ಆದರೆ ಈ ಕರಾವಳಿಯ ನಿಜವಾದ ಬಲ ಅಕ್ಕಿ. ಮಲಬಾರಿನಲ್ಲಿ ಉಣ್ಣುವ ಬಾಯಿಗಳಿಗೆ ಸಾಕಾಗುವಷ್ಟು ಭತ್ತ ಬೆಳೆಯುತ್ತಿರಲಿಲ್ಲ. ನೇತ್ರಾವತಿ, ಫಲ್ಗುಣಿ ಹೊಳೆಗಳ ಬಯಲುಗಳಲ್ಲಿ ಉಂಡು ಮಿಗುವಷ್ಟು ಆಗುತ್ತಿತ್ತು. ಒಣಹುಲ್ಲನ್ನು ಹರಡಿ, ಅಕ್ಕಿ ಸುರಿದು, ಸುತ್ತಲಿಂದ ಹುಲ್ಲು ಮಡಚಿ, ಹುಲ್ಲಿನದೇ ಹಗ್ಗ ಬಿಗಿದು, ಕೊರಡಿನಿಂದ ಬಡಿಬಡಿದು ಗುಂಡಗೆ ಮಾಡಿದರೆ ಒಂದು ಮುಡಿ. ಅಜ್ಜಂದಿರ ಲೆಕ್ಕಕ್ಕೆ 42 ಸೇರು. ಚೆನ್ನಾಗಿ ಕಟ್ಟಿದ ಮುಡಿಯೊಳಗಿನ ಅಕ್ಕಿಗೆ ತಿಂಗಳುಗಟ್ಟಲೆ ಹುಳ ಹಿಡಿಯುವುದಿಲ್ಲ, ದೋಣಿಯಿಂದ ದೋಣಿಗೆ ಎಸೆದರೂ ಒಡೆಯುವುದಿಲ್ಲ. ಇಂಥ ಮುಡಿಗಳನ್ನು ತುಂಬಿಕೊಂಡ ಹಡಗುಗಳು ಕಲ್ಲಿಕೋಟೆಗೂ ಅರಬರ ನಾಡಿಗೂ ಹೋಗುತ್ತಿದ್ದವು. ನೇತ್ರಾವತಿ ಕಡಲು ಸೇರುವ ಅಳಿವೆಯ ತೆಂಕದ ದಡ ಚೌಟರದು, ಬಡಗಿನ ದಡ ಬಂಗರದು. ಆ ಬಾಯಿಯನ್ನು ಹಿಡಿದವನಿಗೆ ಸುಂಕ.

1498ರಲ್ಲಿ ವಾಸ್ಕೊ ಡ ಗಾಮ ಬಂದ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಆಮೇಲೆ ಅವರು ಕಡಲಿಗೇ ಬೇಲಿ ಹಾಕಿದರು. ಅರಬ್ಬೀ ಸಮುದ್ರದಲ್ಲಿ ಓಡಾಡುವ ಹಡಗು ಅವರಿಂದ ಕಾರ್ತಾಜ್ ಎಂಬ ಪರವಾನಗಿ ಚೀಟಿ ಕೊಳ್ಳಬೇಕು. ಚೀಟಿಯಿಲ್ಲದ ಹಡಗು ಕಂಡರೆ ಸರಕೂ ಅವರದು, ಹಡಗೂ ಅವರದು. ದಡದ ಅರಸರು ವರ್ಷಕ್ಕಿಷ್ಟು ಅಕ್ಕಿ ಕಪ್ಪವಾಗಿ ಒಪ್ಪಿಸಬೇಕು. ಕಲ್ಲಿಕೋಟೆಯ ಸಾಮೂದಿರಿಯ ಜೊತೆ ಜಗಳವಾಡುತ್ತಿದ್ದ ಪೋರ್ಚುಗೀಸರಿಗೆ ಒಂದು ಸತ್ಯ ತಿಳಿದಿತ್ತು: ಮಂಗಳೂರಿನ ಅಕ್ಕಿ ನಿಂತರೆ ಕಲ್ಲಿಕೋಟೆಯ ಹೊಟ್ಟೆ ಕಾಯುತ್ತದೆ. ಉಳ್ಳಾಲದವರಿಗೂ ಒಂದು ಸತ್ಯ ತಿಳಿದಿತ್ತು: ಕಲ್ಲಿಕೋಟೆಗೆ ಅಕ್ಕಿ ಹೋಗದಿದ್ದರೆ ತಮ್ಮ ಕೊಟ್ಟಿಗೆಯಲ್ಲಿ ಮುಡಿ ಕೊಳೆಯುತ್ತದೆ. ನಾವು ಸ್ವಾತಂತ್ರ್ಯದ ಕಿಚ್ಚು ಎಂದು ಕರೆಯುವುದರ ಒಳಗೆ ಈ ಮುಡಿಗಳ ಲೆಕ್ಕವೂ ಇತ್ತು.

1555ರಲ್ಲಿ ಕಪ್ಪ ನಿಂತಿತು. ಗೋವೆಯಿಂದ ಡೊಮ್ ಆಲ್ವಾರೊ ಡ ಸಿಲ್ವೇರಾ ಹಡಗುಪಡೆಯೊಂದಿಗೆ ಬಂದು ಮಂಗಳೂರನ್ನು ಸುಟ್ಟು ಸೂರೆ ಮಾಡಿದ. ರಾಣಿ ಸಂಧಿ ಮಾಡಿಕೊಂಡಳು. ಸಂಧಿ ಎಷ್ಟು ದಿನದ್ದು? ಹತ್ತು ವರ್ಷ ಕಳೆಯುವಷ್ಟರಲ್ಲಿ ರಕ್ಕಸತಂಗಡಿಯ ಯುದ್ಧ ನಡೆದು, 1565ರಲ್ಲಿ ವಿಜಯನಗರ ಮುರಿದುಬಿತ್ತು. ತಲೆಯ ಮೇಲಿನ ದೊಡ್ಡ ಕೊಡೆ ಹಾರಿಹೋದಾಗ ಸಣ್ಣವರಿಗೆ ಬಿಸಿಲೂ ಬಂತು, ಸ್ವಾತಂತ್ರ್ಯವೂ ಬಂತು. ಕಪ್ಪ ಮತ್ತೆ ನಿಂತಿತು. ಈ ಸಲ ವೈಸರಾಯ್ ಆಂತಾವ್ ಡ ನೊರೋನ್ಯ ತಾನೇ ಹೊರಟು ಬಂದ.

1568ರ ಜನವರಿ. ಪೋರ್ಚುಗೀಸರ ಬರಹ ಹೇಳುವ ಕಥೆ ಇಷ್ಟು: ಇಳಿದ ಸೇನೆಯ ಮೇಲೆ ರಾತ್ರಿಯಲ್ಲಿ ರಾಣಿಯ ಜನ ಮುಗಿಬಿದ್ದರು, ಮರುದಿನ ಪೋರ್ಚುಗೀಸರು ಊರು ಹಿಡಿದು ಸುಟ್ಟರು, ತೆಂಗಿನ ತೋಟಗಳನ್ನು ಕಡಿದರು, ರಾಣಿ ಗುಡ್ಡದ ಕಡೆಗೆ ಹೋದಳು. ಹೊಳೆಯ ಆಚೆ ಮಂಗಳೂರಿನಲ್ಲಿ ವೈಸರಾಯ್ ಕೋಟೆಯೊಂದಕ್ಕೆ ಅಡಿಗಲ್ಲು ಹಾಕಿ, ಸಂತ ಸೆಬಾಸ್ತಿಯನ್ನರ ಹೆಸರಿಟ್ಟ. ಆಗ ಲಿಸ್ಬನ್ನಿನ ಗದ್ದುಗೆಯಲ್ಲಿದ್ದ ಹುಡುಗ ಅರಸನ ಹೆಸರೂ ಸೆಬಾಸ್ತಿಯಾವ್, ಹಾಗಾಗಿ ದೇವರಿಗೂ ದೊರೆಗೂ ಒಂದೇ ಕಾಣಿಕೆ. ಇವತ್ತು ತೊಕ್ಕೊಟ್ಟಿನ ಪೆರ್ಮನ್ನೂರಿನಲ್ಲಿ ಸಂತ ಸೆಬಾಸ್ತಿಯನ್ನರ ಇಗರ್ಜಿ ಇದೆ. ಅದು ಎಷ್ಟೋ ಕಾಲದ ಮೇಲೆ ಊರಿನ ಕ್ರೈಸ್ತರು ಕಟ್ಟಿಕೊಂಡದ್ದು, ಆ ಕೋಟೆಗೂ ಇದಕ್ಕೂ ನಂಟಿಲ್ಲ. ಆದರೂ ಫ್ಲೈಓವರಿನ ಬದಿಯಲ್ಲಿ ಆ ಹೆಸರು ಕಂಡಾಗಲೆಲ್ಲ ನನಗೆ 1568 ನೆನಪಾಗುತ್ತದೆ. ಒಮ್ಮೆ ಫಿರಂಗಿಯ ಜೊತೆ ಬಂದ ಹೆಸರು ಈಗ ಹಬ್ಬದ ದಿನ ಮೋಂಬತ್ತಿಯ ಜೊತೆ ಕೇಳಿಸುತ್ತದೆ.

ಅದೇ ಯುದ್ಧವನ್ನು ಉಳ್ಳಾಲದ ಬಾಯಿಮಾತು ಬೇರೆಯಾಗಿ ಹೇಳುತ್ತದೆ. ಅರಮನೆ ಶತ್ರುವಿನ ಕೈಗೆ ಬಿದ್ದ ರಾತ್ರಿ ಅಬ್ಬಕ್ಕ ಮಸೀದಿಯೊಂದರಲ್ಲಿ ಆಸರೆ ಪಡೆದಳು. ಬೆಳಗಾಗುವ ಮುಂಚೆ ಇನ್ನೂರು ಜನರನ್ನು ಕೂಡಿಸಿ ಮರಳಿ ಮೇಲೆ ಬಿದ್ದಳು. ಪೋರ್ಚುಗೀಸ್ ದಳಪತಿ ಪೆಕ್ಸೋಟೊ ಅಲ್ಲೇ ಸತ್ತ. ಮೊಗವೀರರು ದೋಣಿಯಲ್ಲಿ ಹೋಗಿ ಹಡಗುಗಳಿಗೆ ಉರಿಯುವ ತೂಟೆ ಎಸೆದರು. ಕಟೀಲಿನ ಜಾತ್ರೆಯಲ್ಲಿ ತೂಟೆದಾರ ನೋಡಿದವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ: ಒಣ ತೆಂಗಿನ ಗರಿಯ ಕಟ್ಟು, ತುದಿಯಲ್ಲಿ ಬೆಂಕಿ, ಕತ್ತಲಲ್ಲಿ ಬಾಣದಂತೆ ಹಾರುವ ಕೆಂಡದ ಗೆರೆ. ಜೈನ ರಾಣಿ, ಬ್ಯಾರಿ ನಾವಿಕರು, ಮೊಗವೀರ ಅಂಬಿಗರು, ಬಿಲ್ಲವ ಬಿಲ್ಲಾಳುಗಳು ಎಲ್ಲರೂ ಈ ಕಥೆಯಲ್ಲಿದ್ದಾರೆ. ಊರು ತನ್ನನ್ನು ತಾನು ಹೇಗೆ ಕಾಣಬಯಸುತ್ತದೋ ಹಾಗೆ ಕಥೆ ಬೆಳೆದಿದೆ. ಪೋರ್ಚುಗೀಸರ ಕಥೆಯೂ ಲಿಸ್ಬನ್ನಿನ ದೊರೆಯನ್ನು ಮೆಚ್ಚಿಸಲು ಬೆಳೆದದ್ದೇ. ಎರಡೂ ಒಪ್ಪುವ ಮಾತು ಎರಡೇ: ರಾತ್ರಿಯ ದಾಳಿ ನಡೆದದ್ದು ನಿಜ, ರಾಣಿ ಸಿಗದೆ ಹೋದದ್ದು ನಿಜ.

*

ಇಬ್ಬರು ರಾಣಿಯರು ಒಂದೇ ಹೆಸರಿನಲ್ಲಿ ಕರಗಿಹೋದದ್ದು ಇಲ್ಲಿ ಮಾತ್ರ ಅಲ್ಲ. ಇಂದಿನ ಟರ್ಕಿಯ ನೈಋತ್ಯ ಮೂಲೆಯಲ್ಲಿ ಕಾರಿಯಾ ಎಂಬ ಕಡಲ ನಾಡಿತ್ತು. ನಮ್ಮ ಹಾಗೆಯೇ ಮುಂದೆ ಕಡಲು, ಹಿಂದೆ ಗುಡ್ಡ. ಮಿಲಾಸ, ಅಲಿಂದ, ಕಾವ್ನೋಸ್, ಹಾಲಿಕಾರ್ನಾಸಸ್ ಮುಂತಾದ ಊರುಗಳು. ಸುತ್ತ ಗ್ರೀಕರು, ತಲೆಯ ಮೇಲೆ ಪರ್ಷಿಯಾದ ಸಾಮ್ರಾಟ. ಕಾರಿಯನ್ನರಿಗೆ ತಮ್ಮದೇ ನುಡಿಯಿತ್ತು, ಲಿಪಿಯಿತ್ತು. ಬರೆದದ್ದು ಉಳಿದದ್ದು ಅಲ್ಪಸ್ವಲ್ಪ ಶಾಸನ, ಅದರಲ್ಲೂ ಬಹುಪಾಲು ಅವರು ಕೂಲಿ ಸೈನಿಕರಾಗಿ ಹೋದ ಈಜಿಪ್ಟಿನಲ್ಲಿ. ಆ ಲಿಪಿಯ ಓದು ಖಚಿತವಾದದ್ದು 1996ರಲ್ಲಿ ಕಾವ್ನೋಸಿನಲ್ಲಿ ಗ್ರೀಕ್ ಮತ್ತು ಕಾರಿಯನ್ ಎರಡೂ ಇದ್ದ ಕಲ್ಲು ಸಿಕ್ಕಿದಾಗ. ಪಕ್ಕದ ಲಿಸಿಯಾದ ಜನ ತಂದೆಯ ಹೆಸರಿನ ಬದಲು ತಾಯಿಯ ಹೆಸರಿನಿಂದ ಗುರುತು ಹೇಳಿಕೊಳ್ಳುತ್ತಿದ್ದರು ಎಂದು ಹಾಲಿಕಾರ್ನಾಸಸಿನಲ್ಲೇ ಹುಟ್ಟಿದ ಹೆರೊಡೋಟಸ್ ಅಚ್ಚರಿಯಿಂದ ಬರೆಯುತ್ತಾನೆ. ತುಳುನಾಡಿನ ಬಂಟರಿಗೋ ಬಿಲ್ಲವರಿಗೋ ಇದನ್ನು ಓದಿ ಹೇಳಿದರೆ ಅದರಲ್ಲೇನು ಅಚ್ಚರಿ ಎಂದು ಕೇಳಿಯಾರು.

ಹೆರೊಡೋಟಸನ ಊರಿನ ರಾಣಿ ಅರ್ತೆಮಿಸಿಯಾ. ಗಂಡ ಸತ್ತ ಮೇಲೆ ಅಧಿಕಾರ ಹಿಡಿದವಳು. ಕ್ರಿ.ಪೂ. 480ರ ಸಲಾಮಿಸ್ ಕಡಲಕಾಳಗದಲ್ಲಿ ಪರ್ಷಿಯಾದ ಪರವಾಗಿ ಐದು ಹಡಗು ನಡೆಸಿದಳು. ಕಡಲಲ್ಲಿ ಕಾದುವುದು ಬೇಡ ಎಂದು ದೊರೆ ಜರ್ಕ್ಸೀಸನಿಗೆ ಬುದ್ಧಿ ಹೇಳಿದವಳು ಅವಳೊಬ್ಬಳೇ. ದೊರೆ ಕೇಳಲಿಲ್ಲ, ಸೋತ. ಸುಮಾರು 130 ವರ್ಷಗಳ ಮೇಲೆ ಅದೇ ಊರಿನಲ್ಲಿ ಇನ್ನೊಬ್ಬಳು ಅರ್ತೆಮಿಸಿಯಾ. ಇವಳ ಗಂಡ, ಒಡಹುಟ್ಟಿದವನೂ ಆದ ಮಾಸೊಲಸ್ ಕಾರಿಯಾದ ರಾಜಧಾನಿಯನ್ನು ಮಿಲಾಸದಿಂದ ಕಡಲ ದಡದ ಹಾಲಿಕಾರ್ನಾಸಸಿಗೆ ತಂದವನು. ಅವನು ಸತ್ತಾಗ ಎದ್ದ ಗೋರಿ ಪ್ರಾಚೀನ ಜಗತ್ತಿನ ಏಳು ಅಚ್ಚರಿಗಳಲ್ಲಿ ಒಂದಾಯಿತು. ಈ ಇಬ್ಬರನ್ನು ಇವತ್ತಿಗೂ ಓದುಗರು ಒಬ್ಬಳೆಂದೇ ತಿಳಿಯುತ್ತಾರೆ. ಕಾಳಗದ ಧೈರ್ಯವನ್ನೂ ಗೋರಿಯ ದುಃಖವನ್ನೂ ಒಂದೇ ಹೆಣ್ಣಿನ ಮೇಲೆ ಹೊರಿಸುತ್ತಾರೆ.

ಮೂರನೆಯವಳು ಆದಾ, ಅವರ ತಂಗಿ. ತಮ್ಮನೇ ಅವಳನ್ನು ಗದ್ದುಗೆಯಿಂದ ಇಳಿಸಿ ಅಲಿಂದದ ಕೋಟೆಗೆ ಅಟ್ಟಿದ. ಕ್ರಿ.ಪೂ. 334ರಲ್ಲಿ ಅಲೆಕ್ಸಾಂಡರ್ ದಂಡೆತ್ತಿ ಬಂದಾಗ ಆದಾ ಕೋಟೆಯ ಬಾಗಿಲು ತೆಗೆದಳು, ಅವನನ್ನು ಮಗನೆಂದು ದತ್ತು ಮಾಡಿಕೊಂಡಳು. ಅವಳಿಗೆ ಗದ್ದುಗೆ ಮರಳಿ ಸಿಕ್ಕಿತು. ಕಾರಿಯಾ ಮಾತ್ರ ಮತ್ತೆ ಕಾರಿಯಾದ್ದಾಗಲಿಲ್ಲ. ಮಗನ ಸಾಮ್ರಾಜ್ಯದ ಒಂದು ತುಂಡಾಯಿತು. ಆದಾಳ ಈ ಲೆಕ್ಕಾಚಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯ ಅಬ್ಬಕ್ಕನ ಬಳಿಗೆ ಬರಬೇಕು.

*

17ನೇ ಶತಮಾನದ ಆರಂಭ. ಉಳ್ಳಾಲದ ರಾಣಿಗೂ ಹೊಳೆಯಾಚೆಯ ಬಂಗರಸನಿಗೂ ಮದುವೆಯಾಗಿತ್ತು. ಅಳಿಯಸಂತಾನದ ಮದುವೆ ಇದು. ಅವಳು ಅವಳ ಅರಮನೆಯಲ್ಲಿ, ಅವನು ಅವನ ಅರಮನೆಯಲ್ಲಿ. ಸಂಬಂಧ ಕೆಟ್ಟಿತು. ಅವಳು ಅವನು ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳಿಸಿದಳು, ಅಲ್ಲಿಗೆ ಮದುವೆ ಮುಗಿಯಿತು. ಅವನು ಅವಮಾನ ನುಂಗಲಿಲ್ಲ. ಅವಳು ದೋಣಿಯಲ್ಲಿ ಹೊಳೆ ಸಂಚಾರ ಹೊರಟಾಗ ತನ್ನ ಜನರನ್ನು ಬಿಟ್ಟು ಹಿಡಿಸಿದ. ಸಿಹಿಮಾತು, ಭಾಷೆ ಕೊಟ್ಟು ಅವಳು ಬಿಡಿಸಿಕೊಂಡು ಬಂದಳು. ತನ್ನ ದಡ ಮುಟ್ಟಿದ್ದೇ ದಂಡು ಕಟ್ಟಿದಳು. ಬಂಗ ಪೋರ್ಚುಗೀಸರನ್ನು ಕರೆದ. ರಾಣಿ ಗಟ್ಟದ ಮೇಲಿನ ಇಕ್ಕೇರಿಗೆ, ಕೆಳದಿಯ ವೆಂಕಟಪ್ಪ ನಾಯಕನಿಗೆ ಹೇಳಿಕಳಿಸಿದಳು.

ವೆಂಕಟಪ್ಪ ನಾಯಕ ಕಾಯುತ್ತಿದ್ದವನಂತೆ ಗಟ್ಟ ಇಳಿದ. ಪೋರ್ಚುಗೀಸರು ಸೋತರು. ಬಂಗರಸ ನಾಡು ಬಿಟ್ಟು ಕಾಸರಗೋಡಿನ ಕಡೆಗೆ ಹೋದ. ಗೋವೆಗೆ ಇದು ದೊಡ್ಡ ಪೆಟ್ಟು. ಗೆಳೆಯ ಬಂಗನಿಗೆ ನಾಡು ಮರಳಿ ಕೊಡಿಸಲೆಂದು 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಒಬ್ಬ ರಾಯಭಾರಿ ಹೊರಟ. ಅವನ ಜೊತೆಯಲ್ಲಿ ಲೋಕ ನೋಡುವ ಹುಚ್ಚಿನ ಒಬ್ಬ ರೋಮನ್ ಶ್ರೀಮಂತನೂ ಇದ್ದ, ಪಿಯೆತ್ರೊ ದೆಲ್ಲಾ ವಾಲ್ಲೆ.

ಈತ ವಿಚಿತ್ರ ಮನುಷ್ಯ. 1614ರಲ್ಲಿ ವೆನಿಸ್ ಬಿಟ್ಟು ಟರ್ಕಿ, ಈಜಿಪ್ಟ್, ಪರ್ಷಿಯಾ ಸುತ್ತಿದ್ದ. ಬಾಗ್ದಾದಿನಲ್ಲಿ ಮಆನಿ ಎಂಬ ಹೆಣ್ಣನ್ನು ಮದುವೆಯಾಗಿದ್ದ. ಪರ್ಷಿಯಾದ ದಡದಲ್ಲಿ ಅವಳು ಜ್ವರದಿಂದ ತೀರಿಕೊಂಡಾಗ ಹೂಳದೆ, ಕೆಡದಂತೆ ಮದ್ದು ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಇಂಡಿಯಾದ ದಾರಿಯಾಗಿ ರೋಮಿನವರೆಗೆ ಒಯ್ದವನು. ಇಕ್ಕೇರಿ ನೋಡಿ, ಗಟ್ಟ ಇಳಿದು, ಮಂಗಳೂರಿಗೆ ಬಂದು, ಕದ್ರಿಯ ಜೋಗಿಗಳ ಅರಸನನ್ನೂ ಭೇಟಿಯಾದ. ಪೋರ್ಚುಗೀಸರನ್ನು ಸೋಲಿಸಿದ ರಾಣಿಯನ್ನು ನೋಡದೆ ಅವನು ಹೋಗುವುದುಂಟೇ? ರಾಣಿ ಉಳ್ಳಾಲದಲ್ಲಿರಲಿಲ್ಲ, ಮಣೇಲಿನಲ್ಲಿದ್ದಾಳೆಂದು ತಿಳಿದು, ಹೊಳೆಯ ದಾರಿ ಹಿಡಿದು ಅಲ್ಲಿಗೆ ಹೋದ.

ದರ್ಬಾರು, ಸಿಂಹಾಸನ ನಿರೀಕ್ಷಿಸಿದ್ದನೇನೋ. ರಾಣಿ ಸಿಕ್ಕಿದ್ದು ಪೇಟೆಬೀದಿಯಲ್ಲಿ, ನಡೆದುಕೊಂಡು ಬರುವಾಗ. ಬರಿಗಾಲು. ಸೊಂಟಕ್ಕೆ ಸುತ್ತಿದ ಬಿಳಿಯ ಒರಟು ಹತ್ತಿಬಟ್ಟೆ, ತಲೆಯ ಮೇಲಿಂದ ಹೆಗಲಿಗೆ ಇಳಿಬಿದ್ದ ಇನ್ನೊಂದು ವಸ್ತ್ರ. ಕಪ್ಪು ಬಣ್ಣ, ದಪ್ಪ ಮೈಕಟ್ಟು, ಆದರೂ ಚುರುಕು ನಡಿಗೆ. ಮುಂದೆ ಕತ್ತಿ ಹಿಡಿದ ಬರಿಮೈಯ ಕೆಲವು ಆಳುಗಳು. ಬಿಸಿಲಿಗೆ ಅಡ್ಡವಾಗಿ ಒಬ್ಬ ಹಿಡಿದ ತಾಳೆಗರಿಯ ಕೊಡೆ. ಅವಳು ಹೊರಟಿದ್ದದ್ದು ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು.

ದೆಲ್ಲಾ ವಾಲ್ಲೆಯ ಯುರೋಪಿಯನ್ ಕಣ್ಣಿಗೆ ಅವಳು ಅಡುಗೆಯವಳಂತೆ, ಬಟ್ಟೆ ಒಗೆಯುವವಳಂತೆ ಕಂಡಳು. ಅದನ್ನವನು ಮುಚ್ಚಿಡಲಿಲ್ಲ. ಯುರೋಪನ್ನೇ ನಡುಗಿಸುವ ಸ್ಪೇನಿನ ದೊರೆಯ ಸೇನೆ ಇಲ್ಲಿ ಸೋತದ್ದು ಇಂಥವಳ ಕೈಯಲ್ಲಲ್ಲವೇ ಎಂದು ಮನಸ್ಸಿನಲ್ಲೇ ಬೆರಗಾದ. (ಆಗ ಪೋರ್ಚುಗಲ್ಲಿನ ಕಿರೀಟ ಸ್ಪೇನಿನ ದೊರೆಯ ತಲೆಯ ಮೇಲಿತ್ತು.) ಆದರೆ ಅವಳು ಬಾಯಿ ತೆರೆದದ್ದೇ ಅವನ ತೀರ್ಪು ಸಡಿಲವಾಯಿತು. ದನಿ ಇಂಪು, ಮಾತು ತೂಕದ್ದು. ರಾಣಿತನ ಅವಳ ರೂಪಕ್ಕಿಂತ ಮಾತಿನಲ್ಲಿತ್ತು ಎಂದು ಒಪ್ಪಿಕೊಂಡ. ಅವಳು ಬೀದಿಯಲ್ಲೇ ನಿಂತು ದುಬಾಷಿಯ ಮೂಲಕ ಅವನನ್ನು ವಿಚಾರಿಸಿದಳು. ಎಲ್ಲಿಂದ ಬಂದೆ, ಯಾವ ಯಾವ ದೊರೆಗಳನ್ನು ಕಂಡೆ? ಟರ್ಕಿಯ ಸುಲ್ತಾನ, ಪರ್ಷಿಯಾದ ಶಾ, ಮೊಗಲರ ಹೆಸರುಗಳನ್ನು ಅವನು ಹೇಳಿದ. ಅಂಥ ಅರಮನೆಗಳನ್ನು ನೋಡಿದವನು ನಮ್ಮ ಈ ಕಾಡಿಗೆ ಏನು ನೋಡಲು ಬಂದೆ ಎಂಬ ಧಾಟಿಯಲ್ಲಿ ನಕ್ಕಳು. ಇಷ್ಟು ಅಲೆಯುವುದಕ್ಕೆ ಕಾರಣ ಪ್ರೀತಿಯೋ, ಹತ್ತಿರದವರ ಸಾವೋ ಎಂದೂ ಕೇಳಿದಳು. ಹೆಂಡತಿಯ ಪೆಟ್ಟಿಗೆ ಹೊತ್ತವನಿಗೆ ಈ ಪ್ರಶ್ನೆ ಎಲ್ಲಿ ತಾಗಿತೋ ಊಹಿಸಬಹುದು.

ಬಳಿಕ ಅವಳ ಕಿರಿಯ ಮಗ ಸಾಳುವರಾಯ ಈ ಅತಿಥಿಯನ್ನು ಮನೆಗೆ ಕರೆದು ಊಟ ಹಾಕಿಸಿದ. ನೆಲದ ಮೇಲೆ ಎಲೆ, ಎಲೆಯ ತುಂಬ ಅನ್ನ. ಉಂಡೆದ್ದ ಮೇಲೆ ಆ ಜಾಗಕ್ಕೆ ಸೆಗಣಿ ಸಾರಿಸಿ ಶುದ್ಧ ಮಾಡಿದ್ದನ್ನೂ ಗಮನಿಸಿ ಬರೆದುಕೊಂಡ. ರಾಣಿಯ ಹೆಸರಿನ ಒಂದೊಂದು ತುಂಡನ್ನೂ ಬಿಡಿಸಿ ಅರ್ಥ ಹೇಳಿದ್ದಾನೆ: ಅಬ್ಬಗ ಅವಳ ಸ್ವಂತ ಹೆಸರು, ದೇವಿ ಎನ್ನುವುದು ಮರ್ಯಾದೆ, ಚೌಟರು ಎನ್ನುವುದು ಉಳ್ಳಾಲದ ಅರಸರೆಲ್ಲರಿಗೂ ಬರುವ ಹೆಸರು. ಅಬ್ಬಕ್ಕನನ್ನು ಕಣ್ಣಾರೆ ಕಂಡವರ ಬರಹ ಎಂದು ನಮಗಿರುವುದು ಮುಖ್ಯವಾಗಿ ಇದೊಂದೇ.

ಕಪ್ಪಗೆ, ದಪ್ಪಗೆ, ಬರಿಗಾಲಲ್ಲಿ ಎಂಬ ಮಾತು ಕೇಳಿ ನೊಂದುಕೊಳ್ಳುವವರಿದ್ದಾರೆ. ನನಗೆ ಆ ಚಿತ್ರ ಕುದುರೆಯ ಮೇಲಿನ ಚಿತ್ರಕ್ಕಿಂತ ಹೆಚ್ಚು ಇಷ್ಟ. ತಂಬುಳಿ ಕುಡಿದು, ಕೊರಂಬು ಹೊತ್ತು, ಗದ್ದೆ ಹುಣಿಯಲ್ಲಿ ನಡೆದ ಯಾವ ಯಜಮಾನ್ತಿಯೂ ಹೀಗೇ ಇರುತ್ತಿದ್ದಳು. ಅವಳ ಸಂಪತ್ತು ಅಕ್ಕಿ. ಅಕ್ಕಿಗೆ ಬೇಕಾದದ್ದು ನೀರು. ನೀರಿಗೆ ಬೇಕಾದದ್ದು ಕಾಲುವೆ. ಬಿಸಿಲಲ್ಲಿ ನಿಂತು ಕಾಲುವೆ ತೋಡಿಸುವವಳು ತನ್ನ ಯುದ್ಧದ ಖರ್ಚನ್ನು ಹುಟ್ಟಿಸುತ್ತಿದ್ದಳು. ಫಿರಂಗಿಗೆ ಎದುರಾಗಿ ನಿಲ್ಲುವ ಧೈರ್ಯ ಒಂದು ರಾತ್ರಿಯದು. ಅರ್ಧ ಶತಮಾನ ಕಳೆದ ಮೇಲೂ ಅದೇ ಮನೆಯ ಇನ್ನೊಬ್ಬ ಹೆಂಗಸು ಅದೇ ಶತ್ರುವಿಗೆ ಎದುರಾಗಿ ನಿಂತಳೆಂದರೆ, ಅದಕ್ಕೆ ಧೈರ್ಯದ ಜೊತೆ ತುಂಬಿದ ಕಣಜ ಬೇಕು, ಪಟ್ಟ ತಪ್ಪದೆ ಕೈಯಿಂದ ಕೈಗೆ ಹೋಗುವ ಕಟ್ಟು ಬೇಕು. ಎರಡೂ ಚೌಟರಲ್ಲಿತ್ತು.

*

ಇಲ್ಲದಿದ್ದದ್ದು ದೊಡ್ಡವನನ್ನು ಮನೆಯೊಳಗೆ ಕರೆದ ಮೇಲೆ ಹೊರಗೆ ಕಳಿಸುವ ಉಪಾಯ. ಆದಾಳಿಗೆ ಅಲೆಕ್ಸಾಂಡರ್ ಆದಂತೆ ಅಬ್ಬಕ್ಕನಿಗೆ ವೆಂಕಟಪ್ಪ ನಾಯಕ. ಕರೆದಾಗ ಬಂದವನು ಆಮೇಲೆ ಹೋಗಲಿಲ್ಲ. ಪೋರ್ಚುಗೀಸರ ಕಪ್ಪ ತಪ್ಪಿತು, ಕೆಳದಿಯ ಕಪ್ಪ ಬಂತು. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪನಾಯಕ ಹೊನ್ನಾವರ, ಬಸ್ರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡಾಗ, ಚೌಟರೂ ಬಂಗರೂ ಅಜಿಲರೂ ಒಂದೇ ಸಾಲಿನಲ್ಲಿ ಕೂರುವ ಪಾಳೆಯಗಾರರಾಗಿದ್ದರು. ಶತ್ರು ನುಂಗಲಾರದ್ದನ್ನು ಮಿತ್ರ ಮೆಲ್ಲಗೆ ನುಂಗಿದ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ, ಕೆಳದಿಯೇ ಮುಗಿಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಕಲೆಕ್ಟರ್ ಬಂದ. ಹಳೆಯ ಅರಸುಮನೆಗಳಿಗೆ ಉಳಿದದ್ದು ಅರಮನೆಯ ಚಾವಡಿ, ದೇವಸ್ಥಾನದ ಮರ್ಯಾದೆ, ಕಂಪನಿಯ ಪಿಂಚಣಿ.

ಮೂಡುಬಿದಿರೆಯ ಚೌಟರ ಅರಮನೆ ಈಗಲೂ ಇದೆ. ಹೊರಗಿನಿಂದ ನೋಡಿದರೆ ದೊಡ್ಡದೊಂದು ಹೆಂಚಿನ ಮನೆ. ಒಳಗಿನ ಮರದ ಕಂಬಗಳನ್ನು ನೋಡಬೇಕು. ಒಂದು ಕಂಬದಲ್ಲಿ ಆನೆ. ಹತ್ತಿರ ಹೋದರೆ ಅದು ಆನೆಯಲ್ಲ, ಹೆಂಗಸರು. ಒಬ್ಬಳು ಸೊಂಡಿಲಾಗಿದ್ದಾಳೆ, ಕೆಲವರು ಕಾಲಾಗಿದ್ದಾರೆ, ಉಳಿದವರು ಬೆನ್ನು, ಹೊಟ್ಟೆ. ಎಣಿಸಿದರೆ ಒಂಬತ್ತು ಮಂದಿ. ನವನಾರಿ ಕುಂಜರ ಎಂದು ಇದರ ಹೆಸರು. ಇನ್ನೊಂದು ಕಂಬದಲ್ಲಿ ಇದೇ ಬಗೆಯಲ್ಲಿ ಐವರು ಹೆಂಗಸರಿಂದಾದ ಕುದುರೆ, ಪಂಚನಾರಿ ತುರಗ. ಇದು ಬೇರೆ ಕಡೆಯ ಶಿಲ್ಪಿಗಳಿಗೂ ಗೊತ್ತಿದ್ದ ಚಮತ್ಕಾರವೇ. ಚೌಟರ ರಾಣಿಯರಿಗೆಂದೇ ಕೆತ್ತಿದ್ದು ಎಂದು ನಾನು ಹೇಳಲಾರೆ. ಆದರೆ ತಾಯಿಯ ಸಾಲಿನಿಂದ ನಡೆದ ಅರಮನೆಯ ಕಂಬದಲ್ಲಿ ಅದನ್ನು ಕಂಡಾಗ ಬೇರೆ ಅರ್ಥ ಹುಡುಕುವುದು ಕಷ್ಟ.

ದೂರದಿಂದ ನೋಡುವವರಿಗೆ ಒಂದೇ ಆನೆ. ಉಳ್ಳಾಲದ ವೃತ್ತದಲ್ಲಿ ನಿಂತವಳೂ ಹಾಗೆಯೇ. ಅವಳಲ್ಲಿ 1568ರ ರಾತ್ರಿ ಗುಡ್ಡ ಹತ್ತಿದವಳಿದ್ದಾಳೆ, ಒಡವೆ ಹಿಂದಿರುಗಿಸಿದವಳಿದ್ದಾಳೆ, ಮಣೇಲಿನ ಬಿಸಿಲಲ್ಲಿ ಕಾಲುವೆ ನೋಡಲು ಹೊರಟವಳಿದ್ದಾಳೆ, ಹೆಸರು ಉಳಿಯದ ಅವರ ತಾಯಂದಿರು, ಅಕ್ಕತಂಗಿಯರೂ ಇದ್ದಾರೆ. ಇನ್ನೊಮ್ಮೆ ತೊಕ್ಕೊಟ್ಟಿನಲ್ಲಿ ಇಳಿದು ಪಡುವಣದ ಬಸ್ಸು ಹಿಡಿದಾಗ ಆ ಪ್ರತಿಮೆಯ ಕತ್ತಿಯನ್ನು ಮಾತ್ರ ನೋಡಬೇಡಿ, ಎಷ್ಟು ಮಂದಿ ಎಂದು ಎಣಿಸಿ.